ಎರಡನೇ ಶನಿವಾರದ ನೀರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚಿತ್ತು. ಐವತ್ತು ದಾಟಿದ, ಭೂಗೋಳದಲ್ಲಿ ಡಾಕ್ಟರೇಟ್ ಇರುವ, ಮಗಳನ್ನು ಮದುವೆ ಮಾಡಿಕೊಟ್ಟ ಮನುಷ್ಯನಿಗೆ, ಮೂವತ್ತು ತುಂಬದ ಸಹೋದ್ಯೋಗಿಯೊಬ್ಬರ ಮೇಲೆ. ಅದಕ್ಕೆ ಬೇರೆ ಹೆಸರಿಡಲು ಕೆಲವು ತಿಂಗಳು ನೋಡಿದೆ. ಗುಣಮಟ್ಟದ ಕಾಳಜಿ ಎಂದೆ, ಸಂಶೋಧನೆಯ ಶಿಸ್ತು ಎಂದೆ. ನನ್ನ ಹೆಂಡತಿ ಮಾತ್ರ ಮೊದಲ ವಾರದಲ್ಲೇ ಸರಿಯಾದ ಹೆಸರು ಹೇಳಿದ್ದಳು.

ಸಂಶೋಧನೆ ಜನರಿಗೆ ತಲುಪಬೇಕು, ಪ್ರತಿ ಕಾಲೇಜು ತಿಂಗಳಿಗೊಂದು ಪಾಡ್‌ಕಾಸ್ಟ್ ಮಾಡಬೇಕು, ಊರಿನಲ್ಲಿ ಒಂದು ಉಪನ್ಯಾಸ ಇಡಬೇಕು ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು. ನಾನು ಪಾಠ ಮಾಡುವುದು ಮೂಡುಬಿದಿರೆಯಲ್ಲಿ, ಮನೆ ಇರುವುದು ಬಂಟ್ವಾಳದಲ್ಲಿ. ನಮ್ಮ ಪ್ರಾಂಶುಪಾಲರು ಕೆಲಸವನ್ನು ಎರಡು ಪಾಲು ಮಾಡಿದರು. ಮಾತಾಡುವುದು ಪ್ರಾಣಿಶಾಸ್ತ್ರದ ಕಿರಿಯ ಮೇಡಂ. ಅವರು ಮಾತಾಡಲು ಬರೆದದ್ದನ್ನು ಸಾಲು ಸಾಲಾಗಿ ಪರಿಶೀಲಿಸುವುದು ನಾನು. ‘ಪರಿಶೀಲಿಸಲಾಗಿದೆ’ ಎಂದು ನನ್ನ ಸಹಿ ಬೀಳದೆ ಯಾವ ಧ್ವನಿಯೂ ಕಾಲೇಜಿನಿಂದ ಹೊರಗೆ ಹೋಗುವ ಹಾಗಿಲ್ಲ. ಹಿರಿತನಕ್ಕೆ ಸಿಕ್ಕ ಗೌರವ ಎಂದು ನಾನು ತಿಳಿದೆ. ಅವರಿಗೆ ಮೈಕು ಸಿಕ್ಕಿತು, ನನಗೆ ಕೆಂಪು ಪೆನ್ನು ಸಿಕ್ಕಿತು ಎಂಬುದು ಆಮೇಲೆ ಹೊಳೆಯಿತು.

ನನ್ನ ಸಂಶೋಧನೆ ಸುರಂಗಗಳ ಮೇಲೆ. ಸುರಂಗ ಎಂದರೆ ನಮ್ಮ ಕಡೆ ಅಡ್ಡ ಬಾವಿ. ಗುಡ್ಡದ ಕೆಂಪು ಮುರಕಲ್ಲಿನೊಳಗೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ, ನೀರು ಸಿಗುವವರೆಗೆ ಕೊರೆದುಕೊಂಡು ಹೋಗುತ್ತಾರೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಬಾಯಿಯ ಹತ್ತಿರ ಒಂದು ಮಣ್ಣಿನ ಕಟ್ಟ, ಕಟ್ಟದಿಂದ ಹೊರಗೆ ಅಡಿಕೆ ಮರ ಸೀಳಿ ಮಾಡಿದ ದಂಬೆ. ಆ ದಂಬೆಯ ತುದಿಯಿಂದ ಬೀಳುವ ನೀರೇ ಮನೆಯ ಕುಡಿಯುವ ನೀರು. ಕನ್ಯಾನದ ಕಡೆ ಐದು ಮನೆಗಳ ಸುರಂಗಗಳನ್ನು ನಾನು ಒಂಬತ್ತು ವರ್ಷ ಅಳೆದೆ. ಪ್ರತಿ ತಿಂಗಳ ಎರಡನೇ ಶನಿವಾರ ಕಾಲೇಜಿಗೆ ರಜೆ. ಅಂದು ಬೆಳಿಗ್ಗೆ ಸ್ಕೂಟರಿನಲ್ಲಿ ವಿಟ್ಲ ದಾಟಿ ಹೋಗುವುದು, ದಂಬೆಯ ಕೆಳಗೆ ಹತ್ತು ಲೀಟರಿನ ಬಕೆಟ್ ಇಡುವುದು, ತುಂಬಲು ಎಷ್ಟು ಹೊತ್ತು ಎಂದು ನೋಡುವುದು. ಒಂದು ಕಡೆ ಮೂರು ಸಲ, ಮೂರರ ಸರಾಸರಿ. ಏಪ್ರಿಲ್, ಮೇಯಲ್ಲೂ ಈ ಸುರಂಗಗಳ ನೀರು ಹೆಚ್ಚು ಇಳಿಯುವುದಿಲ್ಲ ಎಂಬುದು ನನ್ನ ಪ್ರಬಂಧದ ತಿರುಳು. ‘ಸುರಂಗಕ್ಕೆ ಬೇಸಿಗೆ ಗೊತ್ತಿಲ್ಲ’ ಎಂದು ಒಂದು ಅಧ್ಯಾಯಕ್ಕೆ ಹೆಸರಿಟ್ಟಿದ್ದೆ. ಆ ಒಂದು ಸಾಲು ನನಗೆ ಬಹಳ ಇಷ್ಟವಾಗಿತ್ತು.

ಇಷ್ಟವಾದದ್ದು ನನಗೊಬ್ಬನಿಗೇ. ಮೊದಲ ತಿಂಗಳ ಸಾರ್ವಜನಿಕ ಉಪನ್ಯಾಸವನ್ನು ಮಾತ್ರ ಹಿರಿಯನೆಂದು ನನಗೇ ಕೊಟ್ಟಿದ್ದರು, ಗುರುವಾಯನಕೆರೆಯಲ್ಲಿ. ಕೇಳಲು ಬಂದವರು ಏಳು ಮಂದಿ. ಅವರಲ್ಲಿ ಇಬ್ಬರು ಸಭಾಂಗಣದ ಕೀಲಿ ಕೈಯಲ್ಲಿ ಹಿಡಿದು ಕೂತವರು. ಒಬ್ಬರು ನಡುವಿನಲ್ಲಿ ಎದ್ದು ಕಿಟಕಿಯಿಂದ ನೋಡಿ, “ಬೆಳ್ತಂಗಡಿ ಬಸ್ಸು ಬಂತು” ಎಂದು ಪಕ್ಕದವರಿಗೆ ಹೇಳಿ ಹೋದರು. ಪಕ್ಕದವರೂ ಹೋದರು.

ಅದೇ ತಿಂಗಳು ಕಿರಿಯ ಮೇಡಂ ತಮ್ಮ ಮೊದಲ ಕಂತು ಮಾಡಿದರು, ಬಾವಲಿಗಳ ಮೇಲೆ. ಅವರ ಊರು ಚಾರ್ಮಾಡಿ, ಅವರ ಸಂಶೋಧನೆಯೇ ಬಾವಲಿ. ನಾನು ಅದರಲ್ಲಿ ಹನ್ನೊಂದು ತಿದ್ದುಪಡಿ ಮಾಡಿ ಕೊಟ್ಟಿದ್ದೆ. ‘ರಾತ್ರಿಯಿಡೀ ಊಟ ಹುಡುಕಿಕೊಂಡು ಹಾರ್ತದೆ ಪಾಪ’ ಎಂಬಲ್ಲಿ ‘ಪಾಪ’ ಹೊಡೆದುಹಾಕಿದ್ದೆ. ಅವರು ಹತ್ತು ತಿದ್ದುಪಡಿ ಒಪ್ಪಿಕೊಂಡರು, ‘ಪಾಪ’ವನ್ನು ಉಳಿಸಿಕೊಂಡರು. ಎರಡು ವಾರದೊಳಗೆ ಊರೆಲ್ಲ ಅದನ್ನೇ ಕೇಳಿತು. ಬಿ.ಸಿ.ರೋಡಿನಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ನನ್ನ ಬಸ್ಸಿನಲ್ಲಿ ಕಂಡಕ್ಟರು ಕೇಳಿದರು, “ಸರ್, ನೀವು ಆ ಬಾವಲಿ ಮೇಡಂ ಕಾಲೇಜಿನವರಲ್ವಾ?” ಆ ಬಸ್ಸಿನಲ್ಲಿ ಹದಿನಾರು ವರ್ಷ ಓಡಾಡಿದ ನನಗೆ ಅಂದು ಹೊಸ ಗುರುತು ಸಿಕ್ಕಿತು. ಹೌದು ಎಂದೆ, ಕಿಟಕಿಯ ಹೊರಗೆ ನೋಡಿದೆ.

ಮನೆಗೆ ಬಂದರೆ ಹೆಂಡತಿ ಬಂಗುಡೆ ಹೆಚ್ಚುತ್ತ ಅದನ್ನೇ ಕೇಳುತ್ತಿದ್ದಳು. ಮನೆಯಲ್ಲಿ ನಾವು ಬ್ಯಾರಿ ಮಾತಾಡುವವರು. ಅವಳು ಅಂದದ್ದನ್ನು ಕನ್ನಡಕ್ಕೆ ತಂದರೆ ಹೀಗೆ.

“ಈ ಹುಡುಗಿ ಎಷ್ಟು ಚಂದ ಹೇಳ್ತಾಳೆ ನೋಡಿ. ನನಗೀಗ ಬಾವಲಿ ಕಂಡ್ರೆ ಹೆದರಿಕೆಯೇ ಇಲ್ಲ.”

“ನಾನು ಒಂಬತ್ತು ವರ್ಷದಿಂದ ಸುರಂಗದ ಬಗ್ಗೆ ಹೇಳ್ತಾ ಇದ್ದೇನೆ. ಒಂದು ದಿನ ಕೇಳಿದ್ದುಂಟಾ?”

“ನೀವು ಹೇಳಿದ್ದು ಯಾವಾಗ?” ಎಂದಳು. “ಓದಿದ್ದು.”

ಮೈಯೆಲ್ಲ ಉರಿಯಿತು. ಅವಳು ಮೀನಿಗೆ ಉಪ್ಪು ಹಾಕಿದಳು.

ನಮ್ಮ ಧ್ವನಿಮುದ್ರಣದ ಕೋಣೆ ಎಂದರೆ ಪ್ರಯೋಗಾಲಯದ ಹಿಂದಿನ ಉಗ್ರಾಣ. ಗೋಡೆಗೆ ಹಾಸ್ಟೆಲಿನ ಹಳೆಯ ಕಂಬಳಿ ಹೊಡೆದಿದ್ದೆವು, ಸದ್ದು ಪ್ರತಿಧ್ವನಿಸಬಾರದೆಂದು. ಫ್ಯಾನು ನಿಲ್ಲಿಸಬೇಕು, ಫೋನು ಹೊರಗೆ ಇಡಬೇಕು. ಬಸ್‌ಸ್ಟ್ಯಾಂಡಿನ ಹಾರ್ನು ಬಂದರೆ ಕೈ ಎತ್ತಬೇಕು, ಆ ಸಾಲನ್ನು ಮೊದಲಿನಿಂದ ಹೇಳಬೇಕು. ಮಾತು ಶುರುವಾಗುವ ಮುಂಚೆ ಒಂದು ನಿಮಿಷ ಯಾರೂ ಉಸಿರೆತ್ತದೆ ಕೋಣೆಯ ಮೌನವನ್ನೇ ಮುದ್ರಿಸಿಕೊಳ್ಳುತ್ತಿದ್ದೆವು. ಆಮೇಲೆ ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಆ ಮೌನ ಬೇಕು. ಪ್ರಸಾರಕ್ಕೆ ಮುಂಚೆ ಹೊರಗಿನ ಮೂವರಿಗೆ ಕೇಳಿಸುವುದು ಮೇಡಂ ಮಾಡಿದ ನಿಯಮ. ಕ್ಯಾಂಟೀನಿನ ಅಡುಗೆಯವರು, ಗ್ರಂಥಾಲಯದ ಅಟೆಂಡರು, ಗೇಟಿನ ಕಾವಲುಗಾರರು. ಮೂವರೂ ಕೊನೆಯವರೆಗೆ ಕೇಳಿದರೆ ಮಾತ್ರ ಕಂತು ಪಾಸು.

ಮಾರ್ಚಿನಲ್ಲಿ ಮೇಡಂ ನನ್ನ ಟೇಬಲ್ಲಿಗೆ ಬಂದರು. “ಸರ್, ಸುರಂಗದ ಬಗ್ಗೆ ಒಂದು ಮಾಡುವ. ನಿಮ್ಮದೇ ಕೆಲಸ, ನೀವೇ ಮಾತಾಡಿ.”

ನಾನು ಬೇಡ ಬೇಡ ಎನ್ನುತ್ತ ಹದಿನಾಲ್ಕು ಪುಟ ಬರೆದೆ. ಇಪ್ಪತ್ತೆರಡು ನಿಮಿಷದ ಕಂತು ಆಯಿತು, ಒಂದು ತಪ್ಪು ಉಚ್ಚಾರಣೆ ಇಲ್ಲ. ಮೂವರಿಗೆ ಕೇಳಿಸಿದೆವು. ಆರನೇ ನಿಮಿಷಕ್ಕೆ ಅಡುಗೆಯವರು ಸಾಂಬಾರು ನೋಡಿ ಬರುತ್ತೇನೆ ಎಂದು ಹೋದವರು ತಿರುಗಿ ಬರಲಿಲ್ಲ. ಕಾವಲುಗಾರರು ಕೂತಲ್ಲೇ ಕಣ್ಣು ಮುಚ್ಚಿದರು. ಅಟೆಂಡರು ಮಾತ್ರ ಕೊನೆಯವರೆಗೆ ಕೇಳಿ ಗೌರವದಿಂದ ಹೇಳಿದರು, “ಒಳ್ಳೆದುಂಟು ಸರ್. ಪರೀಕ್ಷೆಗೆ ಬರ್ತದಾ ಇದು?”

ಪ್ರಾಂಶುಪಾಲರು ನನ್ನನ್ನು ಕರೆದು ಬಹಳ ಮೆತ್ತಗೆ ಹೇಳಿದರು. “ವಿಷಯ ನಿಮ್ಮದೇ ಇರಲಿ. ಹೇಳುವುದು ಅವರು ಹೇಳಲಿ. ಏಪ್ರಿಲ್ ಕೊನೆಗೆ ಬಂಟ್ವಾಳದಲ್ಲಿ ಉಪನ್ಯಾಸವೂ ಅದೇ ಆಗಲಿ. ನಿಮ್ಮ ಹೆಸರು ಮೊದಲು ಹೇಳ್ತಾರೆ.”

ಬಂಟ್ವಾಳ ನನ್ನ ಊರು. ನನ್ನ ಊರಿನಲ್ಲಿ, ನನ್ನ ಒಂಬತ್ತು ವರ್ಷವನ್ನು, ಬಾವಲಿ ಮೇಡಂ ಹೇಳುವುದು. ಪ್ರಬಂಧದ ಪ್ರತಿಯನ್ನು ಅವರ ಕೈಗೆ ಕೊಟ್ಟಾಗ ಅವರು ಎರಡು ಕೈಯಲ್ಲಿ ತೆಗೆದುಕೊಂಡರು. ಅದನ್ನೂ ನನಗೆ ಸಹಿಸಲಾಗಲಿಲ್ಲ. ಸ್ವಲ್ಪ ಸೊಕ್ಕಿನವಳಾಗಿದ್ದರೆ ದ್ವೇಷಿಸಲು ಅನುಕೂಲವಾಗುತ್ತಿತ್ತು.

ಏಪ್ರಿಲಿನ ಎರಡನೇ ಶನಿವಾರ ನಾನು ಎಂದಿನಂತೆ ಕನ್ಯಾನಕ್ಕೆ ಹೋಗಿ ಅಳೆದು ಬಂದೆ. ಮೊದಲ ಮನೆಯಲ್ಲಿ ಬಕೆಟ್ ತುಂಬಲು ಒಂದೂವರೆ ನಿಮಿಷ. ಅದರ ಮುಂದಿನ ವಾರ, ಒಂದು ಮಂಗಳವಾರ, ಮೇಡಂ ಒಬ್ಬರೇ ಬಸ್ಸಿನಲ್ಲಿ ಅದೇ ಮನೆಗೆ ಹೋದರು. ಸುರಂಗದೊಳಗೆ ಬಾವಲಿಗಳಿರುತ್ತವಲ್ಲ, ಅವನ್ನು ನೋಡಲು. ಹೋದವರು ದಂಬೆಯ ಕೆಳಗೆ ನನ್ನ ಹಾಗೆಯೇ ಹತ್ತು ಲೀಟರಿನ ಬಕೆಟ್ ಇಟ್ಟು, ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಬಕೆಟಿನ ಕಿವಿಗೆ ಕಟ್ಟಿ, ತುಂಬುವವರೆಗಿನ ಸದ್ದನ್ನು ಮುದ್ರಿಸಿಕೊಂಡು ಬಂದರು.

ಎರಡು ದಿನ ಬಿಟ್ಟು ಅವರು ಬರೆದದ್ದು ನನ್ನ ಟೇಬಲ್ಲಿಗೆ ಬಂತು. ಕೆಂಪು ಪೆನ್ನು ಹಿಡಿದು ಕೂತೆ. ಎರಡನೇ ಪುಟದಲ್ಲಿ ಹೀಗಿತ್ತು: ‘ಏಪ್ರಿಲ್ ಬಿಸಿಲಿಗೆ ಒಂದು ಬಕೆಟ್ ತುಂಬಲು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.’ ಬದಿಯಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಪ್ರಶ್ನೆ ಚಿಹ್ನೆ.

ನಾನು ಮುದ್ರಣ ತೆಗೆದು ಹೆಡ್‌ಫೋನಿನಲ್ಲಿ ಕೇಳಿದೆ. ಮೊದಲು ಖಾಲಿ ಬಕೆಟಿಗೆ ಟಣಟಣ, ಆಮೇಲೆ ನೀರಿಗೆ ನೀರು ಬೀಳುವ ಸದ್ದು, ಕೊನೆಗೆ ತುಂಬಿ ಚೆಲ್ಲುವುದು. ನಾಲ್ಕು ಇಪ್ಪತ್ತು. ನನ್ನ ಲೆಕ್ಕದ ಎರಡೂವರೆ ಪಟ್ಟಿಗಿಂತಲೂ ಹೆಚ್ಚು. ಬಕೆಟನ್ನು ಸರಿಯಾಗಿ ಇಟ್ಟಿರಲಿಕ್ಕಿಲ್ಲ, ಅರ್ಧ ನೀರು ಹೊರಗೆ ಹೋಗಿರಬೇಕು. ಸಿಕ್ಕಿಬಿದ್ದಳು ಎಂದುಕೊಂಡೆ. ಮನಸ್ಸಿನೊಳಗೆ ಬಹುವಚನ ಯಾವಾಗಲೋ ಬಿಟ್ಟುಹೋಗಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು.

ತಪ್ಪು ಕಂಡರೆ ತಿದ್ದುವುದು ನನ್ನ ಕೆಲಸ. ಪೆನ್ಸಿಲಿನ ಪ್ರಶ್ನೆಗೆ ಉತ್ತರ ಬರೆಯುವುದು ನನ್ನ ಕೆಲಸ. ನಾನು ಎರಡನ್ನೂ ಮಾಡಲಿಲ್ಲ. ಕೊನೆಯ ಪುಟಕ್ಕೆ ಹೋಗಿ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಬಂಟ್ವಾಳದ ಸಭೆಯಲ್ಲಿ ಈ ಸಂಖ್ಯೆ ಹೇಳಲಿ, ಊರಿನವರ ಎದುರು ನಾನು ಎದ್ದು ನಿಂತು, ‘ಕ್ಷಮಿಸಿ ಮೇಡಂ, ಒಂದು ಸಣ್ಣ ತಿದ್ದುಪಡಿ’ ಎನ್ನುತ್ತೇನೆ. ಆ ವಾಕ್ಯವನ್ನು ಬಸ್ಸಿನಲ್ಲಿ ಹಲವು ಸಲ ಮನಸ್ಸಿನಲ್ಲೇ ಹೇಳಿಕೊಂಡೆ.

ಎದ್ದು ನಿಲ್ಲಲು ಸಾಕ್ಷಿ ಬೇಕಲ್ಲ. ನನ್ನ ಬಕೆಟ್ ಒಂದೂವರೆ ನಿಮಿಷದಲ್ಲಿ ತುಂಬುವುದನ್ನು ಫೋನಿನಲ್ಲಿ ಚಿತ್ರೀಕರಿಸಿ ತರುವ ಎಂದು, ಸಭೆಗೆ ಎರಡು ದಿನ ಮುಂಚೆ, ಒಂದು ಗುರುವಾರ ಅರ್ಧ ದಿನ ರಜೆ ಹಾಕಿ ಕನ್ಯಾನಕ್ಕೆ ಹೋದೆ. ಒಂಬತ್ತು ವರ್ಷದಲ್ಲಿ ಎರಡನೇ ಶನಿವಾರವಲ್ಲದ ದಿನ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ಮೊದಲ ಮನೆಯ ಹಿರಿಯಮ್ಮ ಜಗಲಿಯಲ್ಲಿ ಸೊಸೆಯ ಜೊತೆ ಬೀಡಿ ಕಟ್ಟುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು, ನನಗೆ ಅಮ್ಮ ಎಂದೇ ರೂಢಿ. ಹೋದಾಗಲೆಲ್ಲ ಹಿತ್ತಾಳೆ ಚೊಂಬಿನಲ್ಲಿ ನೀರು, ಒಂದು ತುಂಡು ಬೆಲ್ಲ ಕೊಡದೆ ಮಾತಾಡಿದವರಲ್ಲ. ನಮ್ಮ ರಂಜಾನ್ ಉಪವಾಸದ ತಿಂಗಳಲ್ಲಿ ಬೆಲ್ಲವನ್ನು ಕಾಗದದಲ್ಲಿ ಕಟ್ಟಿ, ಸಂಜೆ ಬಾಯಿಗೆ ಹಾಕಿಕೊಳ್ಳಿ ಎಂದು ಕೊಡುತ್ತಿದ್ದರು. ಅಂದು ನನ್ನನ್ನು ನೋಡಿ ಅವರ ಮುಖ ಸಣ್ಣದಾಯಿತು. ಅವರು ಮಾತಾಡುವುದು ತುಳು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ಇವತ್ತು ಎಂತ ಮಾಷ್ಟ್ರೇ? ಇವತ್ತು ನಿಮ್ಮ ಶನಿವಾರ ಅಲ್ಲವಲ್ಲ.”

“ಒಂದು ಸಣ್ಣ ಕೆಲಸ ಉಂಟಮ್ಮ. ಬಕೆಟ್ ಇಟ್ಟು ನೋಡಿ ಹೋಗ್ತೇನೆ.”

“ಇವತ್ತು ಬೇಡ. ನಾಳೆ ಬೆಳಿಗ್ಗೆ ಬನ್ನಿ.”

ನಾನು ಆಗಲೇ ಮನೆಯ ಹಿಂದಕ್ಕೆ ನಡೆದಿದ್ದೆ. ದಂಬೆಯ ತುದಿಯಿಂದ ನೀರು ಹೆಬ್ಬೆರಳಿನ ಗಾತ್ರಕ್ಕೆ ಬೀಳಬೇಕಿತ್ತು. ಕಿರುಬೆರಳಿನಷ್ಟೂ ಇರಲಿಲ್ಲ. ಬಕೆಟ್ ಇಟ್ಟು ಗಡಿಯಾರ ಒತ್ತಿದೆ. ಹಿಂದಿನಿಂದ ಅಮ್ಮ ಬಂದು ನಿಂತರು.

“ನೀರಿಗೆ ಎಂತ ಆಯ್ತಮ್ಮ?”

“ಎಂತದೂ ಆಗ್ಲಿಲ್ಲ. ಬಿಸು ಹಬ್ಬ ಕಳೆದ ಮೇಲೆ ಇಷ್ಟೇ ಇರುವುದು.”

“ಈ ತಿಂಗಳು ನಾನು ಬಂದಾಗ ಇಷ್ಟು ಸಣ್ಣ ಇರ್ಲಿಲ್ಲ.”

“ಅದು ನೀವು ಬರುವ ಶನಿವಾರ ಅಲ್ವಾ. ಮುನ್ನಾ ದಿನ ಸಂಜೆಯೇ ದಂಬೆಗೆ ತೆಂಗಿನ ಸಿಪ್ಪೆಯ ಬೂಚು ಹಾಕಿ, ಕಟ್ಟದಲ್ಲಿ ನೀರು ನಿಲ್ಲಿಸ್ತೇವೆ. ನಿಮ್ಮ ಸ್ಕೂಟರು ತಿರುವಿನಲ್ಲಿ ಕೇಳಿದ ಕೂಡಲೇ ಸೊಸೆ ಹೋಗಿ ತೆಗೀತಾಳೆ.”

“ಯಾವಾಗಿನಿಂದ?”

“ನೀವು ಬರ್ಲಿಕ್ಕೆ ಶುರು ಮಾಡಿದ ಮೊದಲ ಬೇಸಿಗೆಯಿಂದ.”

“ಎಂತಕ್ಕಮ್ಮ?”

“ಎಂತಕ್ಕೆ ಅಂದ್ರೆ? ಬಿಸಿಲಲ್ಲಿ ಅಷ್ಟು ದೂರದಿಂದ ಬರ್ತೀರಿ. ಓದಿದವರು, ಬಕೆಟಿನ ಎದುರು ಕುಕ್ಕರಗಾಲಲ್ಲಿ ಕೂತ್ಕೊಳ್ತೀರಿ. ಮನೆಗೆ ಬಂದವರಿಗೆ ಸಣ್ಣ ನೀರು ತೋರಿಸ್ಲಿಕ್ಕೆ ಆಗ್ತದಾ? ಮರ್ಯಾದೆ ಉಂಟಲ್ಲ.” ಆಮೇಲೆ ಬೇಸರದಿಂದ ಸೇರಿಸಿದರು. “ಆ ಬಾವಲಿ ಮೇಡಂ ಹೇಳದೆ ಬಂದದ್ದು. ಪಾಪ, ಸಣ್ಣ ನೀರೇ ನೋಡಿ ಹೋದ್ರು.”

ಬಕೆಟ್ ತುಂಬಿತು. ನಾಲ್ಕು ನಿಮಿಷ ಮೂವತ್ತು.

ಮೊದಲ ವರ್ಷ ನಾನು ಎಲ್ಲ ಮನೆಗಳಲ್ಲೂ ಕೇಳಿದ್ದೆ, ಬೂಚು ತೆಗೆದೇ ಉಂಟಲ್ಲ ಎಂದು. ತೆಗೆದೇ ಉಂಟು ಎಂದಿದ್ದರು. ಸುಳ್ಳಲ್ಲ. ಎಷ್ಟು ಹೊತ್ತಿನ ಮುಂಚೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಉಳಿದ ನಾಲ್ಕು ಮನೆಗಳಿಗೂ ಅಂದೇ ಹೋದೆ. ಎರಡು ಮನೆಗಳಲ್ಲಿ ಅದೇ ಕಥೆ. “ಇಲ್ಲಿಂದ ಮಾಷ್ಟ್ರು ಹೊರಟ್ರು ಅಂತ ಆಚೆ ಮನೆಯಮ್ಮ ಫೋನ್ ಮಾಡ್ತಾರೆ ಸರ್” ಎಂದು ಒಬ್ಬರು ನಗುತ್ತ ಹೇಳಿದರು. ಇನ್ನೆರಡು ಮನೆಯವರು ನಾವು ಹಾಗೆಲ್ಲ ಮಾಡುವುದಿಲ್ಲ ಎಂದರು. ಅವರನ್ನು ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಒಂದು ಕಡೆ ಮೂರು ಸಲ ಅಳೆಯುತ್ತಿದ್ದೆ ಎಂದೆನಲ್ಲ. ಮಳೆಗಾಲದ ಪುಟಗಳಲ್ಲಿ ಮೂರೂ ಒಂದೇ ಸಮ. ಬೇಸಿಗೆಯ ಪುಟಗಳಲ್ಲಿ ಮೊದಲನೆಯದಕ್ಕಿಂತ ಎರಡನೆಯದು ನಿಧಾನ, ಎರಡನೆಯದಕ್ಕಿಂತ ಮೂರನೆಯದು ನಿಧಾನ. ಪ್ರತಿ ಏಪ್ರಿಲ್, ಪ್ರತಿ ಮೇ. ಕಟ್ಟದಲ್ಲಿ ನಿಲ್ಲಿಸಿದ ನೀರು ಇಳಿಯುತ್ತ ಬಂದಿತ್ತು, ಅಷ್ಟೆ. ನಾನು ಅದನ್ನು ನೋಡಿರಲಿಲ್ಲವೆಂದಲ್ಲ. ಬಿಸಿಲಿಗೆ ನನ್ನ ಕೈ ಸೋತು ಗಡಿಯಾರ ಒತ್ತುವುದು ತಡವಾಗುತ್ತದೆ ಎಂದು ಒಂದು ಟಿಪ್ಪಣಿಯನ್ನೂ ಬರೆದಿದ್ದೆ. ನನ್ನದೇ ಅಕ್ಷರ, ಬಹಳ ನೀಟಾಗಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. “ಈಗ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಯ್ತಾ?”

“ಇಲ್ಲ. ಜಾಸ್ತಿಯಾಯ್ತು.”

ನಿಜವನ್ನೇ ಹೇಳಿದೆ. ಒಂಬತ್ತು ವರ್ಷ ನನಗೆ ಸಿಗದಿದ್ದದ್ದು ಅವರಿಗೆ ಒಂದು ಮಂಗಳವಾರದಲ್ಲಿ, ಬಾವಲಿ ನೋಡಲು ಹೋದಾಗ, ಸುಮ್ಮನೆ ಸಿಕ್ಕಿತ್ತು. ಅವರಿಗೆ ತಿಳುವಳಿಕೆ ಹೆಚ್ಚಿತ್ತು ಎಂದಾದರೂ ಸಮಾಧಾನಪಡಬಹುದಿತ್ತು. ಅವರು ಹೇಳದೆ ಹೋದರು, ಯಾರಿಗೂ ನೀರು ನಿಲ್ಲಿಸಿಡಲು ಹೊತ್ತು ಸಿಗಲಿಲ್ಲ, ಅದೊಂದೇ ಕಾರಣ.

ಇನ್ನೂ ಒಂದು ದಾರಿ ಇತ್ತು. ಮೇಡಂ ಹತ್ತಿರ ಹೋಗಿ, ‘ಆ ನಾಲ್ಕು ಇಪ್ಪತ್ತು ತೆಗೆಯಿರಿ, ನನ್ನ ಸಂಖ್ಯೆ ಹಾಕಿ’ ಎಂದರೆ ತೆಗೆಯುತ್ತಿದ್ದರು. ನಾನು ಹಿರಿಯ, ಪರಿಶೀಲಕ, ಡಾಕ್ಟರೇಟ್. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬಂಟ್ವಾಳದ ಸಭೆಗೆ ಬರುವವರಲ್ಲಿ ಸುರಂಗ ಇರುವ ಮನೆಯವರು ಇರುತ್ತಾರೆ. ಬೋರ್ ತೆಗೆಯಬೇಕೋ, ಇದ್ದದ್ದನ್ನೇ ನೆಚ್ಚಿಕೊಂಡಿರಬಹುದೋ ಎಂದು ತಲೆಬಿಸಿಯಲ್ಲಿರುವವರು. ಸುರಂಗಕ್ಕೆ ಬೇಸಿಗೆ ಗೊತ್ತಿಲ್ಲ ಎಂದು ಕೇಳಿ, ಡಾಕ್ಟ್ರು ಹೇಳಿದ್ದು ಎಂದು ನಂಬಿ ಮನೆಗೆ ಹೋಗುತ್ತಾರೆ. ಮುಂದಿನ ಮೇಯಲ್ಲಿ ಕೊಡ ಹಿಡಿದು ನಿಲ್ಲುವವರು ಅವರು, ನಾನಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಉಗ್ರಾಣದ ಕೋಣೆಯಲ್ಲಿ ಮೇಡಂ ಒಬ್ಬರೇ ಕೂತಿದ್ದರು. ನಾನು ಬಾಗಿಲು ಹಾಕಿ ನಿಂತಲ್ಲೇ ಎಲ್ಲ ಹೇಳಿದೆ. ಬೂಚು, ಕಟ್ಟ, ಎರಡನೇ ಶನಿವಾರ, ನೋಟ್‌ಬುಕ್ಕು. ನಿಮ್ಮದು ಸರಿ, ನನ್ನದು ತಪ್ಪು ಎಂದೆ.

“ನಾನು ಅಲ್ಲಿ ಪೆನ್ಸಿಲಲ್ಲಿ ಪ್ರಶ್ನೆ ಹಾಕಿದ್ದೆ ಸರ್. ನೀವು ನೋಡದೆ ಸಹಿ ಹಾಕುವವರಲ್ಲ, ಹಾಗಾದ್ರೆ ಸರಿ ಇರ್ಬೇಕು ಅಂತ ಧೈರ್ಯ ಮಾಡಿದೆ.”

“ನೋಡಿದ್ದೆ. ನೋಡಿಯೇ ಸಹಿ ಹಾಕಿದ್ದು.”

“ಎಂತಕ್ಕೆ ಸರ್?”

“ನಿಮ್ಮದು ತಪ್ಪು ಅಂತ ತಿಳಿದಿದ್ದೆ. ನಾಳೆ ಬಂಟ್ವಾಳದಲ್ಲಿ ನೀವು ಅದನ್ನು ಹೇಳ್ಬೇಕು, ನಾನು ಎದ್ದು ತಿದ್ದಬೇಕು ಅಂತ ಇತ್ತು. ಹೊಟ್ಟೆಕಿಚ್ಚು ಮೇಡಂ. ಬೇರೆ ಎಂತದೂ ಅಲ್ಲ.”

ಆಗ ಅವರು ಯಂತ್ರದ ಕಡೆ ನೋಡಿದರು. ಕೆಂಪು ದೀಪ ಉರಿಯುತ್ತಿತ್ತು. ನಾನು ಒಳಗೆ ಬಂದಾಗ ಅವರು ಕೋಣೆಯ ಮೌನವನ್ನು ಮುದ್ರಿಸುತ್ತಿದ್ದರು. ನಾನು ಹೇಳಿದ್ದೆಲ್ಲ ಅದರ ಮೇಲೆ ಬಿದ್ದಿತ್ತು.

“ಅಳಿಸ್ಲಾ ಸರ್?” ಎಂದರು.

ಕಾಗದ ನೋಡದೆ ನಾನು ಆ ಕೋಣೆಯಲ್ಲಿ ಮಾತಾಡಿದ್ದು ಅದೇ ಮೊದಲು. ಅಳಿಸಿ ಎಂದು ನಾಲಿಗೆ ತುದಿಗೆ ಬಂತು. “ಬೇಡ, ಇರ್ಲಿ” ಎಂದೆ. “ನಾಳೆ ಹೇಳುವುದಕ್ಕೆ ಮುಂಚೆ ನಾನೊಮ್ಮೆ ಕೇಳ್ಬೇಕು.”

ಪ್ರಾಂಶುಪಾಲರಿಗೆ ತಿಳಿಸಿದಾಗ ಅವರು ತಲೆ ಹಿಡಿದು ಕೂತರು. “ಇದನ್ನು ಸಭೆಯಲ್ಲಿ ಹೇಳುವುದು ಎಂತಕ್ಕೆ ಮಾರಾಯ್ರೆ? ಸಂಶೋಧನಾ ಪತ್ರಿಕೆಗೆ ಒಂದು ತಿದ್ದುಪಡಿ ಬರೆದು ಕಳಿಸಿ, ಸಾಕು.” ತಪ್ಪನ್ನು ಊರಿಗೆ ಹೇಳಿದ ಮೇಲೆ ತಿದ್ದುಪಡಿಯನ್ನು ನಾಲ್ಕು ಜನ ಓದುವ ಪತ್ರಿಕೆಗೆ ಹೇಳಿದರೆ ಆಗುವುದಿಲ್ಲ ಸರ್ ಎಂದೆ. ಅವರು ಕೊನೆಗೆ, ನಿಮ್ಮಿಷ್ಟ ಎಂದರು.

ಬಂಟ್ವಾಳದ ಸಭಾಂಗಣ ತುಂಬಿತ್ತು. ಎಲ್ಲರೂ ಬಾವಲಿ ಮೇಡಂಗಾಗಿ ಬಂದವರೆಂದು ನನಗೆ ಗೊತ್ತಿತ್ತು. ಮೇಡಂ ಶುರು ಮಾಡಿ, ಐದು ನಿಮಿಷದಲ್ಲಿ ಜನರನ್ನು ನಗಿಸಿ, ನನ್ನನ್ನು ಕರೆದರು. ನಾನು ಖಾಲಿ ಬಕೆಟನ್ನು ಮೇಜಿನ ಮೇಲಿಟ್ಟೆ. ಅವರ ಮುದ್ರಣವನ್ನು ಹಾಕಿದೆ, ಕತ್ತರಿಸದೆ, ಪೂರ್ತಿ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಮೊದಲ ನಿಮಿಷ ಕೆಮ್ಮು, ಪಿಸುಮಾತು. ಎರಡನೆಯ ನಿಮಿಷಕ್ಕೆ ಹಿಂದಿನ ಸಾಲಿನ ಹೆಂಗಸರು ತಲೆ ಅಲ್ಲಾಡಿಸತೊಡಗಿದರು. ನೀರಿಗೆ ಕಾಯುವುದು ಎಷ್ಟು ಉದ್ದ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಕೆಟ್ ತುಂಬಿ ಚೆಲ್ಲಿದ ಮೇಲೆ ನಾನು, ಒಂಬತ್ತು ವರ್ಷ ಇದನ್ನು ಒಂದೂವರೆ ನಿಮಿಷ ಎಂದು ಬರೆದೆ, ಯಾಕೆ ಬರೆದೆ ಎಂದು ಹೇಳುತ್ತೇನೆ, ಎಂದು ಶುರು ಮಾಡಿದೆ. ಹತ್ತು ನಿಮಿಷ ಮಾತಾಡಿದೆ. ಯಾರೂ ಬಸ್ಸು ನೋಡಲಿಲ್ಲ.

ವಿಟ್ಲದ ಕಡೆಯ ಒಬ್ಬರು ಎದ್ದರು. “ಹಾಗಾದ್ರೆ ನಾವು ಬೋರ್ ತೆಗೆಸ್ಬೇಕಾ ಬೇಡ್ವಾ ಸರ್?”

“ಗೊತ್ತಿಲ್ಲ” ಎಂದೆ. “ಇನ್ನೊಮ್ಮೆ ಅಳೀಬೇಕು. ಈ ಸಲ ಹೇಳದೆ ಬರ್ತೇನೆ.”

ಜನ ನಕ್ಕರು. ನನ್ನ ಮಾತಿಗೆ ಸಭೆಯೊಂದು ನಕ್ಕದ್ದು ಅದೇ ಮೊದಲು.

ಮರುವಾರ ಆ ಕಂತು ಸಿದ್ಧವಾಯಿತು, ಶುಕ್ರವಾರ ಬೆಳಗಿನ ನನ್ನ ಮಾತನ್ನೇ ಇಟ್ಟುಕೊಂಡು. ಹೆಡ್‌ಫೋನು ಹಾಕಿ ಕೇಳಿದೆ. ಬೂಚಿನ ಕಥೆ ಇತ್ತು, ನೋಟ್‌ಬುಕ್ಕಿನ ಕಥೆ ಇತ್ತು. ಸಹಿ ಹಾಕಿದ್ದು, ಅವರು ಬೀಳಬೇಕೆಂದು ಕಾದದ್ದು, ಹೊಟ್ಟೆಕಿಚ್ಚು, ಆ ತುಂಡು ಇರಲಿಲ್ಲ. ಮೇಡಂ ನನ್ನನ್ನು ಕೇಳದೆಯೇ ಅದನ್ನು ಕತ್ತರಿಸಿ, ಆ ಜಾಗಕ್ಕೆ ಕೋಣೆಯ ಮೌನದ ತೇಪೆ ಹಾಕಿದ್ದರು. ಎಷ್ಟು ನಯವಾಗಿ ಎಂದರೆ ನನಗೇ ಜೋಡಣೆ ಸಿಗಲಿಲ್ಲ. ದೊಡ್ಡ ಮನಸ್ಸಿನಲ್ಲೂ ಅವರು ನನ್ನನ್ನು ಹಿಂದೆ ಹಾಕಿದರಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಈ ಬರಹಕ್ಕೆ ಅದೇ ಕಾರಣ. ಅವರು ಕತ್ತರಿಸಿದ ತುಂಡನ್ನು ನಾನು ಇಲ್ಲಿ ಬರೆದಿದ್ದೇನೆ.

ಮೂವರಿಗೆ ಕೇಳಿಸಿದೆವು. ಅಡುಗೆಯವರು ಕೊನೆಯವರೆಗೆ ಕೂತರು. ಎದ್ದು ಹೋಗುವಾಗ ನನ್ನ ಭುಜ ಮುಟ್ಟಿ ಹೇಳಿದರು, “ಲಾಯ್ಕ ಉಂಟು ಸರ್. ಮೇಡಂ ನಿಮ್ಮಿಂದ ಚಂದ ಮಾಡಿ ಮಾತಾಡಿಸಿದ್ದಾರೆ.”

ಮೇ ತಿಂಗಳಲ್ಲಿ ಒಂದು ಮಂಗಳವಾರ, ಯಾರಿಗೂ ಹೇಳದೆ, ಸ್ಕೂಟರನ್ನು ತಿರುವಿನ ಆಚೆಯೇ ನಿಲ್ಲಿಸಿ, ಬಕೆಟ್ ಹಿಡಿದು ಅಮ್ಮನ ಮನೆಗೆ ನಡೆದೆ. ಅವರು ಬೀಡಿಯ ಮೊರದಿಂದ ತಲೆ ಎತ್ತಲಿಲ್ಲ.

“ನಮ್ಮ ಮನೆಯ ನೀರು ಸಣ್ಣದು ಅಂತ ಊರಿಗೆಲ್ಲ ಹೇಳಿದ್ರಲ್ಲ ಮಾಷ್ಟ್ರೇ.”

“ಮನೆ ಯಾವುದು ಅಂತ ಹೇಳ್ಲಿಲ್ಲಮ್ಮ.”

“ಹೇಳ್ಬೇಕಾ? ಬಕೆಟಿನ ಮಾಷ್ಟ್ರು ಯಾರ ಮನೆಗೆ ಬರುವುದು ಅಂತ ಕನ್ಯಾನಕ್ಕೆಲ್ಲ ಗೊತ್ತುಂಟು.”

ನನ್ನ ತಪ್ಪನ್ನು ಹೇಳಿಕೊಳ್ಳುವ ಭರದಲ್ಲಿ ಅವರ ಮರ್ಯಾದೆಯನ್ನು ಕೇಳದೆ ಖರ್ಚು ಮಾಡಿದ್ದೆ. ತಪ್ಪಾಯಿತಮ್ಮ ಎಂದೆ. ಅವರು ಇನ್ನೊಂದು ಬೀಡಿ ಕಟ್ಟಿದರು. ಹಿಂದೆ ಹೋಗಿ ಮೂರು ಸಲ ಅಳೆದೆ. ಆರು ನಿಮಿಷದ ಹತ್ತಿರ, ಮೂರೂ ಒಂದೇ ಸಮ. ಬೇಸಿಗೆಯ ಪುಟದಲ್ಲಿ ಮೂರು ಸಮನಾದ ಅಂಕಿ ಬರೆದದ್ದು ಅದೇ ಮೊದಲು. ಕೈ ಸೋತಿರಲಿಲ್ಲ.

ಹೊರಡುವಾಗ ಅಮ್ಮ ಹಿತ್ತಾಳೆ ಚೊಂಬು ತಂದು ಎದುರಿಗಿಟ್ಟರು. ಅರ್ಧ ಮಾತ್ರ ನೀರಿತ್ತು. “ಇಷ್ಟೇ ಉಂಟು. ಬೇಕಾದ್ರೆ ಇದನ್ನೂ ಬರ್ಕೊಳ್ಳಿ.”

ಕುಡಿದೆ. ಬೆಲ್ಲ ಇರಲಿಲ್ಲ. ನಾನು ಚೊಂಬು ಕೆಳಗಿಡುವಾಗ ಅವರು ಒಳಗೆ ಹೋಗಿ ಕಾಗದದ ಪೊಟ್ಟಣವೊಂದನ್ನು ತಂದರು. ನನಗೆ ಗುರುತಿರುವ ಪೊಟ್ಟಣ, ಅದೇ ರೀತಿ ಕಟ್ಟಿದ್ದು. ಕೈ ಚಾಚಿದೆ.

“ಇದು ಆ ಬಾವಲಿ ಮೇಡಂಗೆ. ಆವತ್ತು ಬಂದಾಗ ಸಣ್ಣ ನೀರು ಮಾತ್ರ ಕುಡಿದು ಹೋದದ್ದು, ಬೆಲ್ಲ ಕೊಡ್ಲಿಕ್ಕೆ ಮರೆತಿತ್ತು. ನೀವು ಕೊಂಡೋಗಿ ಕೊಡಿ.”

ವಿಟ್ಲದ ತನಕ ಪೊಟ್ಟಣ ಸ್ಕೂಟರಿನ ಪೆಟ್ಟಿಗೆಯಲ್ಲಿತ್ತು. ವಿಟ್ಲದಲ್ಲಿ ನಿಲ್ಲಿಸಿ, ಬಿಚ್ಚಿ ನೋಡಿದೆ. ಮರುದಿನ ಮೂಡುಬಿದಿರೆಯಲ್ಲಿ ಅದನ್ನು ಮೇಡಂ ಟೇಬಲ್ಲಿನ ಮೇಲಿಟ್ಟೆ. ಕನ್ಯಾನದ ಅಮ್ಮ ಕೊಟ್ಟದ್ದು, ಐದು ತುಂಡು ಇತ್ತು, ಈಗ ನಾಲ್ಕು ಉಂಟು, ಒಂದು ನಾನು ತಿಂದದ್ದು ಎಂದು ಹೇಳಿಯೇ ಕೊಟ್ಟೆ.